ಪೂಜೆಯ ಹೊಣೆ: ಕೃತವೋ, ಕಾರಿತವೋ?

ಧರ್ಮಕಾರ್ಯಗಳಲ್ಲಿ ಎರಡು ಬಗೆ ಉಂಟು. ತಾನೇ ಮಾಡಬೇಕಾದುದು ಒಂದು. ಅನ್ಯರಿಂದ ಮಾಡಿಸಬಹುದಾದುದು ಇನ್ನೊಂದು. ಬಸದಿಯ ಮಾಡು ಸೋರಿದರೆ ಕೆಲಸ ಬಲ್ಲವನನ್ನು ಕರೆಸಿ ಹಂಚು ಹೊದಿಸುವುದರಲ್ಲಿ ಯಾರಿಗೂ ಆಕ್ಷೇಪವಿಲ್ಲ. ಆದರೆ ಅಷ್ಟಮಿಯ ಉಪವಾಸವನ್ನು ಕೂಲಿ ಕೊಟ್ಟು ಮಾಡಿಸಲು ಬರುವುದಿಲ್ಲ. ಸಾಮಾಯಿಕಕ್ಕೆ ತನ್ನ ಬದಲು ಇನ್ನೊಬ್ಬನನ್ನು ಕೂರಿಸಲು ಬರುವುದಿಲ್ಲ. ಒಬ್ಬನು ಉಂಡರೆ ಇನ್ನೊಬ್ಬನ ಹಸಿವು ಹೇಗೆ ಇಂಗದೋ ಹಾಗೆಯೇ ಒಬ್ಬನ ತಪಸ್ಸಿನಿಂದ ಇನ್ನೊಬ್ಬನ ಕರ್ಮ ನಿರ್ಜರೆಯಾಗದು. ಇವೆರಡರ ನಡುವೆ ನಿತ್ಯದ ದೇವಪೂಜೆಯ ಸ್ಥಾನ ಎಲ್ಲಿ? ಅದು ಹಂಚು ಹೊದಿಸುವ ಕೆಲಸದ ಜಾತಿಗೆ ಸೇರಿದ್ದೋ, ಉಪವಾಸದ ಜಾತಿಗೆ ಸೇರಿದ್ದೋ? ದಕ್ಷಿಣದ ಜೈನ ಸಮಾಜವು ಬಹುಕಾಲ ಈ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ನಡೆದುಕೊಂಡು ಬಂದಿದೆ. ಈಗ ಕಾಲವೇ ಅದನ್ನು ಕೇಳತೊಡಗಿದೆ.

ಪ್ರಶ್ನೆ ಎಷ್ಟು ನಿಜವಾದುದೆಂಬುದನ್ನು ಅರಿಯಲು ಮಲೆನಾಡಿನ ಕಡೆ ನೋಡಬೇಕು. ಮೂಡಿಗೆರೆ ತಾಲ್ಲೂಕಿನ ಜಾವಳಿಯು ಹೇಮಾವತಿ ನದಿಯ ಉಗಮಸ್ಥಾನ. ಸಮೀಪದಲ್ಲಿ ಬಲ್ಲಾಳರಾಯನ ದುರ್ಗ. ಆಚೆಗೆ ಭದ್ರೆಯ ತೀರದ ಕಳಸ. ಈ ಬೆಟ್ಟಸಾಲು ಜಿನಧರ್ಮಕ್ಕೆ ಹೊಸದಲ್ಲ. ಸುದತ್ತ ಮುನಿಗಳ ಮಾತಿನಂತೆ ಸಳನು ಹುಲಿಯನ್ನು ಎದುರಿಸಿದನೆಂದು ಐತಿಹ್ಯವು ಹೇಳುವ ಸೊಸೆವೂರು, ಅಂದರೆ ಇಂದಿನ ಅಂಗಡಿ ಗ್ರಾಮ, ಇದೇ ತಾಲ್ಲೂಕಿನಲ್ಲಿದೆ. ಅಲ್ಲಿ ಪ್ರಾಚೀನ ಬಸದಿಗಳಿವೆ. ಕಳಸದಿಂದ ಕಾರ್ಕಳದವರೆಗೆ ಆಳಿದ ಭೈರರಸ ಒಡೆಯರು ಜೈನರು. 1432ರಲ್ಲಿ ಕಾರ್ಕಳದ ಬಾಹುಬಲಿ ಮೂರ್ತಿಯನ್ನೂ 1586ರಲ್ಲಿ ಚತುರ್ಮುಖ ಬಸದಿಯನ್ನೂ ನಿಲ್ಲಿಸಿದವರು ಈ ವಂಶದವರೇ. ಅದಕ್ಕೂ ಮೊದಲು, 13ನೆಯ ಶತಮಾನದಲ್ಲಿ, ಜಾಕಲದೇವಿ ಮತ್ತು ಕಾಳಲದೇವಿ ಎಂಬ ರಾಣಿಯರು ಕಳಸದಿಂದ ರಾಜ್ಯಭಾರ ನಡೆಸಿದ್ದರು.

ಆ ವೈಭವ ಹೋಗಿ ಶತಮಾನಗಳಾದವು. ಈ ಸೀಮೆಯ ಶ್ರಾವಕರ ಮನೆಗಳು ಕಾಫಿ ತೋಟಗಳ ನಡುವೆ ಒಂದೊಂದು ದಿಕ್ಕಿಗೆ ಒಂದೊಂದಾಗಿ ಚದುರಿಕೊಂಡಿವೆ. ಒಂದು ಮನೆಯಿಂದ ಇನ್ನೊಂದು ಮನೆಯ ದೀಪ ಕಾಣದು. ಆಷಾಢ ಶ್ರಾವಣಗಳಲ್ಲಿ ಮಳೆ ಹಿಡಿದರೆ ಹಳ್ಳ ದಾಟುವುದೇ ಕಷ್ಟ. 2019ರ ಆಗಸ್ಟ್ ತಿಂಗಳ ಮಳೆಗೆ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜರಿದು, ಚಾರ್ಮಾಡಿ ಘಾಟಿಯ ಸಂಚಾರವೇ ನಿಂತುಹೋದುದು ಎಲ್ಲರ ನೆನಪಿನಲ್ಲಿದೆ. ಇಂತಹ ಕಡೆ ಬಸದಿಯ ನಿತ್ಯಪೂಜೆ ನಡೆಯುವುದು ಇಂದ್ರರಿಂದ. ವಂಶಪರಂಪರೆಯಿಂದ ಪೂಜಾವೃತ್ತಿ ಹಿಡಿದ ಈ ಮನೆತನಗಳು, ಉಂಬಳಿ ಭೂಮಿ ಕೈತಪ್ಪಿದ ಮೇಲೂ, ಅಲ್ಪ ಸಂಭಾವನೆಗೆ ಜಿನಬಿಂಬದ ಮುಂದಿನ ದೀಪ ಆರದಂತೆ ಕಾಪಾಡಿವೆ. ಅವರ ಋಣ ದೊಡ್ಡದು. ಆದರೆ ಇಂದ್ರರ ಮಕ್ಕಳೂ ಓದುತ್ತಾರೆ. ಅವರೂ ಬೆಂಗಳೂರಿಗೆ, ಮಂಗಳೂರಿಗೆ ಉದ್ಯೋಗಕ್ಕೆ ಹೋಗುತ್ತಾರೆ. ಹೋಗಬಾರದೆಂದು ಹೇಳುವ ಹಕ್ಕು ತನ್ನ ಮಕ್ಕಳನ್ನು ಇಂಜಿನಿಯರಿಂಗಿಗೆ ಸೇರಿಸಿದ ಶ್ರಾವಕನಿಗೆ ಇಲ್ಲ. ಹೀಗಿರುವಲ್ಲಿ ವೃದ್ಧ ಇಂದ್ರರು ಒಂದು ದಿನ ಏಳಲಾರದೆ ಹೋದರೆ ಮರುದಿನ ಅಭಿಷೇಕ ಮಾಡುವವರು ಯಾರು? ಐದಾರು ಮನೆಗಳಿರುವ ಊರಿನಲ್ಲಿ ಒಬ್ಬರಿಗೂ ಅಷ್ಟದ್ರವ್ಯದ ಕ್ರಮ ಬಾರದಿದ್ದರೆ ಆ ಬಸದಿ ಯಾರದು?

ಇಲ್ಲಿ ಶಾಸ್ತ್ರದ ಮಾತನ್ನು ಮೊದಲು ನೋಡಬೇಕು. ಕರ್ಮಬಂಧಕ್ಕೆ ಕಾರಣವಾಗುವ ಕ್ರಿಯೆಯು ಮೂರು ವಿಧ: ತಾನು ಮಾಡುವುದು ಕೃತ, ಇತರರಿಂದ ಮಾಡಿಸುವುದು ಕಾರಿತ, ಇತರರು ಮಾಡಿದುದನ್ನು ಮೆಚ್ಚುವುದು ಅನುಮೋದನ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದಲೂ, ಕೃತ, ಕಾರಿತ, ಅನುಮೋದನಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಭೇದಗಳನ್ನು ತೋರಿಸುತ್ತದೆ. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನೇ ಕಾರಣವಾಗಿ ಹಿರಿಯರು ಹೇಳುತ್ತಾರೆ. ಕೊಂದವನಿಗೆ ಮಾತ್ರವಲ್ಲ, ಕೊಲ್ಲಿಸಿದವನಿಗೂ ಕೊಂದುದನ್ನು ಮೆಚ್ಚಿದವನಿಗೂ ಪಾಪವುಂಟೆಂಬ ಈ ನಿಷ್ಠುರ ನ್ಯಾಯವು ಜೈನ ನೀತಿಯ ಹೆಮ್ಮೆ.

ವ್ಯಾಪಾರಸ್ಥನು ಇಲ್ಲಿ ಒಂದು ಸಹಜವಾದ ಪ್ರಶ್ನೆ ಹಾಕಿಯಾನು. ಕೊಲ್ಲಿಸಿದವನಿಗೆ ಪಾಪದ ಪಾಲು ಇರುವುದಾದರೆ, ಪೂಜೆ ಮಾಡಿಸಿದವನಿಗೆ ಪುಣ್ಯದ ಪಾಲು ಏಕೆ ಇರಬಾರದು? ಮುಖ್ತ್ಯಾರನು ಹಾಕಿದ ಸಹಿ ಯಜಮಾನನನ್ನು ಕಟ್ಟುವುದಾದರೆ, ಸಾಲಕ್ಕೂ ಕಟ್ಟುತ್ತದೆ, ಲಾಭಕ್ಕೂ ಕಟ್ಟುತ್ತದೆ. ಈ ವಾದದಲ್ಲಿ ಹುರುಳಿದೆ. ಪೂಜೆಗೆ ಭೂಮಿ ಬಿಟ್ಟವರಿಗೆ, ಎಣ್ಣೆಗೆ ಹೊನ್ನು ಕೊಟ್ಟವರಿಗೆ, ದೂರದ ಊರಿನಲ್ಲಿದ್ದು ವರ್ಷಕ್ಕೊಮ್ಮೆ ಹಣ ಕಳುಹಿಸುವವರಿಗೆ ಪುಣ್ಯವಿಲ್ಲವೆಂದು ಯಾರೂ ಹೇಳಲಾರರು. ಶಿಲಾಶಾಸನಗಳು ಹೇರಳವಾಗಿ ಸ್ಮರಿಸುವುದು ಇಂತಹ ಕಾರಿತ ಧರ್ಮವನ್ನೇ.

ಆದರೂ ಈ ವಾದ ಪೂರ್ಣವಲ್ಲ. ಕಾರಿತದಲ್ಲಿ ಫಲವನ್ನು ನಿರ್ಣಯಿಸುವುದು ಭಾವ. ಕೊಲ್ಲಿಸುವವನ ಮನಸ್ಸಿನಲ್ಲಿ ಕೊಲೆಯ ಸಂಕಲ್ಪ ತೀವ್ರವಾಗಿ ಇದ್ದೇ ಇರುತ್ತದೆ. ಅದಿಲ್ಲದೆ ಅವನು ಕೊಲ್ಲಿಸುವುದೇ ಇಲ್ಲ. ಪೂಜೆ ಮಾಡಿಸುವವನ ಮನಸ್ಸಿನಲ್ಲಿ ಪೂಜೆಯ ಭಾವ ಇರಲೇಬೇಕೆಂಬ ನಿಯಮವಿಲ್ಲ. ಚೆಕ್ಕು ಬರೆದು ಮರೆತರೂ ಪೂಜೆ ನಡೆಯುತ್ತದೆ. ಅಲ್ಲದೆ ದೇವಪೂಜೆಯ ಪ್ರಯೋಜನ ಪುಣ್ಯಸಂಚಯ ಒಂದೇ ಆಗಿದ್ದರೆ ಖಾತೆಗೆ ಜಮಾ ಮಾಡಿಸಿದರೆ ಸಾಕಾಗುತ್ತಿತ್ತು. ವೀತರಾಗನಾದ ಜಿನನಿಗೆ ಪೂಜೆಯಿಂದ ಆಗಬೇಕಾದುದೇನೂ ಇಲ್ಲ. ನಿಂದೆಯಿಂದ ಅವನಿಗೆ ಕೋಪವೂ ಇಲ್ಲ. ಪೂಜೆಯಿಂದ ಬದಲಾಗಬೇಕಾದವನು ಪೂಜಕ. ಆ ಮುಖವನ್ನು ನೋಡಿ, ಆ ಗುಣವನ್ನು ನೆನೆದು, ಪರಿಣಾಮವು ಒಂದು ಕ್ಷಣವಾದರೂ ಶುದ್ಧವಾಗಬೇಕು. ಈ ಶುದ್ಧಿಯನ್ನು ಇನ್ನೊಬ್ಬರು ಪಡೆದು ತಂದುಕೊಡಲಾರರು. ಆದ್ದರಿಂದ ದೇವಪೂಜೆಗೆ ಎರಡು ಮುಖ: ವ್ಯವಸ್ಥೆಯ ಮುಖದಿಂದ ಅದು ಹಂಚು ಹೊದಿಸುವ ಕೆಲಸದ ಜಾತಿ, ಪ್ರಯೋಜನದ ಮುಖದಿಂದ ಅದು ಉಪವಾಸದ ಜಾತಿ. ಮೊದಲನೆಯದನ್ನು ವಹಿಸಿಕೊಡಬಹುದು. ಎರಡನೆಯದನ್ನು ವಹಿಸಿಕೊಡಲು ಬರುವುದಿಲ್ಲ. ಗೃಹಸ್ಥನ ಷಟ್ಕರ್ಮಗಳಲ್ಲಿ ದೇವಪೂಜೆಯನ್ನು ಸ್ವಾಧ್ಯಾಯ, ಸಂಯಮ, ತಪಗಳ ಸಾಲಿನಲ್ಲಿ ಇಟ್ಟಿರುವುದರ ಅರ್ಥ ಇದೇ.

ಈ ತೊಡಕನ್ನು ಬೇರೊಂದು ಪ್ರಾಚೀನ ಸಮಾಜವು ಹೇಗೆ ಎದುರಿಸಿತೆಂಬುದನ್ನು ನೋಡುವುದು ಉಪಯುಕ್ತ. ಸಂಖ್ಯೆಯಲ್ಲಿ ಸಣ್ಣದು, ಚದುರಿಹೋದದ್ದು, ವ್ಯಾಪಾರಕ್ಕೂ ವಿದ್ಯೆಗೂ ಹೆಸರಾದದ್ದು, ಆಹಾರನಿಯಮಗಳನ್ನು ಬಿಗಿಯಾಗಿ ಪಾಲಿಸುವಂತಹದ್ದು ಎಂಬ ಅಂಶಗಳಲ್ಲಿ ಯಹೂದಿ ಸಮಾಜವು ಜೈನ ಸಮಾಜಕ್ಕೆ ಹೋಲುತ್ತದೆ. ಅವರ ಈಶ್ವರವಾದವನ್ನು ಜೈನದರ್ಶನ ಒಪ್ಪುವುದಿಲ್ಲ. ಆದರೆ ಅನೇಕಾಂತವನ್ನು ಒಪ್ಪಿದವನು ಅನ್ಯರ ಅನುಭವದಲ್ಲಿರುವ ಸತ್ಯಾಂಶವನ್ನು ಕಾಣಲು ಹಿಂಜರಿಯಬಾರದು.

ಜೆರೂಸಲೇಮಿನ ಮಹಾದೇವಾಲಯದಲ್ಲಿ ಯಹೂದಿಗಳಿಗೂ ವಂಶಪಾರಂಪರ್ಯ ಪುರೋಹಿತರಿದ್ದರು. ಅಲ್ಲಿ ಪಶುಬಲಿಯೂ ನಡೆಯುತ್ತಿತ್ತು. ಕ್ರಿ.ಶ. 70ರಲ್ಲಿ ರೋಮನರು ಆ ದೇವಾಲಯವನ್ನು ನಾಶಮಾಡಿದರು. ಬಲಿ ನಿಂತಿತು, ಪುರೋಹಿತರ ಮುಖ್ಯ ಕಾರ್ಯವೂ ನಿಂತಿತು. ಆಗ ಆ ಸಮಾಜವು ಬಲಿಯ ಸ್ಥಾನದಲ್ಲಿ ಪ್ರಾರ್ಥನೆಯನ್ನೂ ಅಧ್ಯಯನವನ್ನೂ ಇರಿಸಿಕೊಂಡಿತು. ಸಾಮೂಹಿಕ ಪ್ರಾರ್ಥನೆಗೆ ಬೇಕಾದುದು ಹತ್ತು ಮಂದಿ ವಯಸ್ಕರು. ಈ ಹತ್ತರ ಕೂಟಕ್ಕೆ ‘ಮಿನ್ಯಾನ್’ ಎಂದು ಹೆಸರು. ರಬ್ಬಿ ಎಂಬವನು ಗುರು, ಧರ್ಮನಿರ್ಣಯ ಹೇಳುವವನು. ಪ್ರಾರ್ಥನೆ ನಡೆಯಲು ಅವನು ಇರಲೇಬೇಕೆಂಬ ನಿರ್ಬಂಧವಿಲ್ಲ. ಕ್ರಮವನ್ನು ಬಲ್ಲ ಯಾವ ಗೃಹಸ್ಥನಾದರೂ ಮುಂದೆ ನಿಂತು ನಡೆಸಬಹುದು. ಹಾಗೆ ನಡೆಸುವವನಿಗೆ ಅವರ ಭಾಷೆಯಲ್ಲಿ ‘ಸಮಾಜದ ದೂತ’ ಎಂಬ ಅರ್ಥದ ಹೆಸರಿದೆ. ದೂತನಿಗೆ ಸ್ವಂತ ಅಧಿಕಾರವಿಲ್ಲ. ಕಳುಹಿಸಿದವರು ಹಿಂದೆ ನಿಂತಿದ್ದರೆ ಮಾತ್ರ ಅವನು ದೂತ.

ಈ ಹತ್ತರ ನಿಯಮದಲ್ಲಿ ಒಂದು ಸೂಕ್ಷ್ಮವಿದೆ. ತಂದೆತಾಯಿಯರು ತೀರಿದಾಗ ಹನ್ನೊಂದು ತಿಂಗಳ ಕಾಲ ಮಕ್ಕಳು ಹೇಳುವ ‘ಕದ್ದೀಶ್’ ಎಂಬ ಸ್ತೋತ್ರವನ್ನು ಹತ್ತು ಮಂದಿ ಸೇರದೆ ಹೇಳುವಂತಿಲ್ಲ. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಸಾಲದು. ಹತ್ತನೆಯವನು ಅಕ್ಷರ ಬಾರದ ಕೂಲಿಯಾದರೂ ಸಾಕು. ಆದ್ದರಿಂದ ಶೋಕದಲ್ಲಿರುವ ಒಬ್ಬನಿಗಾಗಿ ಒಂಬತ್ತು ಮನೆಗಳವರು ಬೆಳಗಿನ ಚಳಿಯಲ್ಲಿ ಎದ್ದು ಬರಬೇಕಾಗುತ್ತದೆ. ಬಾರದವನು ತನಗೆ ಮಾತ್ರ ನಷ್ಟ ಮಾಡಿಕೊಳ್ಳುವುದಿಲ್ಲ. ಇನ್ನೊಬ್ಬನ ಪ್ರಾರ್ಥನೆಯನ್ನೂ ತಡೆದಂತಾಗುತ್ತದೆ. ಸಮಾಜದಲ್ಲಿ ಪ್ರತಿಯೊಬ್ಬನಿಗೂ ಒಂದು ಬೆಲೆಯುಂಟೆಂಬುದನ್ನು ಇದಕ್ಕಿಂತ ಸರಳವಾಗಿ ಕಲಿಸುವ ಪಾಠ ದುರ್ಲಭ.

ಭಾರತದ ಯಹೂದಿಗಳ ಚರಿತ್ರೆಯು ಗೃಹಸ್ಥರು ನಡೆಸಿದ ಧರ್ಮದ ಚರಿತ್ರೆಯೇ ಆಗಿದೆ. ಕೊಂಕಣದ ಬೆನೆ ಇಸ್ರೇಲರು ಶತಮಾನಗಳ ಕಾಲ ರಬ್ಬಿಗಳೂ ಗ್ರಂಥಗಳೂ ಇಲ್ಲದೆ, ಗಾಣದ ಎಣ್ಣೆ ತೆಗೆಯುವ ವೃತ್ತಿಯಲ್ಲಿದ್ದುಕೊಂಡು, ಶನಿವಾರ ಗಾಣ ನಿಲ್ಲಿಸುವ ಒಂದು ವ್ರತದಿಂದಲೇ ತಮ್ಮತನವನ್ನು ಉಳಿಸಿಕೊಂಡರು. ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದೇ ಕರೆದರು. ಮುಂಬಯಿಯಲ್ಲಿ ಅವರ ಮೊದಲ ಪ್ರಾರ್ಥನಾಮಂದಿರವನ್ನು 1796ರಲ್ಲಿ ಕಟ್ಟಿಸಿದ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಒಬ್ಬ ಸೈನಿಕ. ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದಾಗ, ಬಿಡುಗಡೆಯಾದರೆ ಮಂದಿರ ಕಟ್ಟಿಸುವೆನೆಂದು ಅವನು ಹರಕೆ ಹೊತ್ತನೆಂಬುದು ಆ ಸಮಾಜದ ಹೇಳಿಕೆ. ಕೊಚ್ಚಿಯ ಯಹೂದಿಗಳೂ ಅಷ್ಟೇ. 1568ರಲ್ಲಿ ಕಟ್ಟಿದ ಪರದೇಶಿ ಪ್ರಾರ್ಥನಾಮಂದಿರವನ್ನು ರಬ್ಬಿಗಳಿಲ್ಲದೆ ಸಮಾಜದ ಹಿರಿಯರೇ ನಡೆಸಿಕೊಂಡು ಬಂದರು. ಅಲ್ಲಿನ ಸ್ತ್ರೀಯರು ಮಲಯಾಳ ಭಾಷೆಯ ಧಾರ್ಮಿಕ ಹಾಡುಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಬಹುಮಂದಿ ಅಲ್ಲಿಗೆ ತೆರಳಿದರು. ಉಳಿದ ಕೆಲವರು ಹತ್ತನೆಯವನಿಗಾಗಿ ಪ್ರವಾಸಿಗಳ ದಾರಿ ಕಾಯುವಂತಾಯಿತು. ಕಟ್ಟಡ ಸುಭದ್ರವಾಗಿದೆ, ನೆಲದ ಚೀನೀ ಹಾಸುಬಿಲ್ಲೆಗಳು ಹೊಳೆಯುತ್ತಿವೆ, ಪ್ರಾರ್ಥನೆಗೆ ಜನರಿಲ್ಲ. ಬಸದಿಗಳ ವಿಶ್ವಸ್ತರು ಒಮ್ಮೆ ಕೊಚ್ಚಿಗೆ ಹೋಗಿ ಇದನ್ನು ಕಣ್ಣಾರೆ ನೋಡಿ ಬರುವುದು ಒಳ್ಳೆಯದು.

ಇಪ್ಪತ್ತನೆಯ ಶತಮಾನದಲ್ಲಿ ಈ ಗೃಹಸ್ಥ ಪರಂಪರೆಗೆ ಸಮಾನತೆಯ ಅಂಶವೊಂದು ಕೂಡಿಕೊಂಡಿತು. ಹಿಂದೆ ಹತ್ತರ ಎಣಿಕೆಯಲ್ಲಿ ಪುರುಷರು ಮಾತ್ರ ಬರುತ್ತಿದ್ದರು. 1968ರಲ್ಲಿ ಅಮೆರಿಕದ ಬೋಸ್ಟನ್ ನಗರದ ಬಳಿ ‘ಹವುರತ್ ಶಾಲೋಂ’ ಎಂಬ ಸಣ್ಣ ಬಳಗ ಹುಟ್ಟಿತು. ವೇದಿಕೆ, ಪೀಠಗಳಿಲ್ಲದೆ ಸುತ್ತಲೂ ಕುಳಿತು ತಾವೇ ಓದಿ ತಾವೇ ಪ್ರಾರ್ಥಿಸುವ ಈ ಕ್ರಮ ಹರಡಿತು. 1973ರಲ್ಲಿ ಅಲ್ಲಿನ ಕನ್ಸರ್ವೇಟಿವ್ ಪಂಥದ ಧರ್ಮನಿಯಮ ಸಮಿತಿಯು ಸ್ತ್ರೀಯರನ್ನೂ ಹತ್ತರಲ್ಲಿ ಎಣಿಸಬಹುದೆಂದು ಅನುಮತಿ ನೀಡಿತು. 2001ರಲ್ಲಿ ನ್ಯೂಯಾರ್ಕಿನಲ್ಲಿ ತರುಣರು ಕೂಡಿ ‘ಕೆಹಿಲತ್ ಹದರ್’ ಎಂಬ ಗೃಹಸ್ಥ ಮಂಡಳಿಯನ್ನು ಕಟ್ಟಿದರು. 2002ರಲ್ಲಿ ಜೆರೂಸಲೇಮಿನಲ್ಲಿ ಆರಂಭವಾದ ‘ಶಿರಾ ಹದಶಾ’ ಮಂಡಳಿಯು, ಸಂಪ್ರದಾಯವನ್ನೂ ಬಿಡದೆ, ಹತ್ತು ಪುರುಷರೂ ಹತ್ತು ಸ್ತ್ರೀಯರೂ ಸೇರುವ ತನಕ ಕಾಯುವ ಪದ್ಧತಿಯನ್ನಿಟ್ಟುಕೊಂಡಿತು. ಭಾರತದಲ್ಲಿಯೂ ಇದರ ನಿದರ್ಶನವಿದೆ. 1956ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಜೂಡಾ ಹ್ಯಾಮ್ ಪ್ರಾರ್ಥನಾಮಂದಿರವನ್ನು ವಕೀಲರಾದ ಎಜೆಕಿಯೆಲ್ ಐಸಾಕ್ ಮಾಳೇಕರ್ ಅವರು ದಶಕಗಳ ಕಾಲ ಗೌರವ ಕಾರ್ಯದರ್ಶಿಯಾಗಿ ನಡೆಸಿದರು. ಅವರು ಸ್ತ್ರೀಯರನ್ನೂ ಹತ್ತರಲ್ಲಿ ಎಣಿಸುವ ಪದ್ಧತಿಯನ್ನು ಅಲ್ಲಿ ತಂದರು.

ಇಂತಹ ಮಂಡಳಿಗಳಲ್ಲಿ ಜೀವನ ಹೇಗೆ ನಡೆಯುತ್ತದೆಂಬುದು ಗಮನಾರ್ಹ. ವೇತನದ ಪುರೋಹಿತನಿಲ್ಲವೆಂದ ಮೇಲೆ ಪ್ರತಿಯೊಂದು ಕೆಲಸಕ್ಕೂ ಯಾರಾದರೊಬ್ಬರು ಹೊಣೆಯಾಗಬೇಕು. ಈ ವಾರ ಪ್ರಾರ್ಥನೆ ನಡೆಸುವವರು ಯಾರು, ಧರ್ಮಗ್ರಂಥದ ಭಾಗ ಓದುವವರು ಯಾರು, ಉಪನ್ಯಾಸ ಯಾರದು ಎಂದು ಹಂಚಿಕೆಯಾಗುತ್ತದೆ. ಅವರ ಗ್ರಂಥದ ಸುರುಳಿಯಲ್ಲಿ ಸ್ವರಚಿಹ್ನೆಗಳಿಲ್ಲ. ಓದುವವರು ಮೊದಲೇ ಅಭ್ಯಾಸ ಮಾಡಿ ಬರಬೇಕು. ಪಕ್ಕದಲ್ಲಿ ನಿಂತವರು ಉಚ್ಚಾರದ ತಪ್ಪನ್ನು ಅಲ್ಲಿಯೇ ತಿದ್ದುತ್ತಾರೆ, ತಿದ್ದುವುದು ಅವಮಾನವೆನಿಸುವುದಿಲ್ಲ. ಕುರ್ಚಿ ಹಾಕುವುದು, ಬಂದ ಹೊಸಬರಿಗೆ ಪುಟ ತೋರಿಸುವುದು, ಬಾಣಂತಿಯ ಮನೆಗೆ ಅಡುಗೆ ಕಳುಹಿಸುವುದು, ರೋಗಿಯನ್ನು ನೋಡಿಬರುವುದು ಇವೆಲ್ಲ ಪ್ರಾರ್ಥನೆಯಷ್ಟೇ ಗೌರವದ ಕೆಲಸಗಳು. ಶವಕ್ಕೆ ಸ್ನಾನ ಮಾಡಿಸಿ ವಸ್ತ್ರ ಉಡಿಸುವ ಸೇವೆಗೂ ಸ್ವಯಂಸೇವಕರ ಪಂಗಡವಿರುವುದು ಯಹೂದಿಗಳ ಹಳೆಯ ಪದ್ಧತಿ. ಅದನ್ನು ಅವರು ಅಪ್ಪಟ ದಯೆ ಎನ್ನುತ್ತಾರೆ. ಏಕೆಂದರೆ ಸತ್ತವನು ಉಪಕಾರವನ್ನು ಹಿಂದಿರುಗಿಸಲಾರ.

ಆದರೆ ಗೃಹಸ್ಥರು ನಡೆಸಿದ ಮಾತ್ರಕ್ಕೆ ಸಮಾನತೆ ಬಂದುಬಿಡುವುದಿಲ್ಲ. ಕೊಚ್ಚಿಯ ಪರದೇಶಿ ಮಂದಿರದಲ್ಲಿ, ಹಿಂದೊಮ್ಮೆ ದಾಸ್ಯದಿಂದ ಬಿಡುಗಡೆ ಪಡೆದವರ ವಂಶಜರೆಂಬ ಕಾರಣಕ್ಕೆ ಕೆಲವು ಕುಟುಂಬಗಳಿಗೆ ಇತರರ ಸಮಾನವಾಗಿ ಕುಳಿತುಕೊಳ್ಳುವ, ಗ್ರಂಥ ಓದುವ ಹಕ್ಕಿರಲಿಲ್ಲ. ಆ ಪಂಗಡದಲ್ಲಿ ಹುಟ್ಟಿ ವಕೀಲರಾದ ಅಬ್ರಹಾಂ ಬರಾಕ್ ಸೇಲಂ (1882–1967) ಗಾಂಧೀಜಿಯವರ ಮಾರ್ಗ ಹಿಡಿದು ಪ್ರಾರ್ಥನಾಮಂದಿರದ ಒಳಗೇ ಸತ್ಯಾಗ್ರಹ ನಡೆಸಿದರು. ಮಂದಿರವನ್ನು ತೊರೆಯಲಿಲ್ಲ, ಬೇರೆ ಮಂದಿರ ಕಟ್ಟಲಿಲ್ಲ. ನಿಧಾನವಾಗಿ ನಿರ್ಬಂಧಗಳು ಸಡಿಲಿದವು. ‘ಯಹೂದಿ ಗಾಂಧಿ’ ಎಂಬ ಹೆಸರು ಅವರಿಗೆ ಉಳಿಯಿತು. ಎಲ್ಲಿ ಕುಳಿತುಕೊಳ್ಳಬೇಕೆಂಬ ಸಣ್ಣ ವಿಷಯದಲ್ಲಿಯೇ ದೊಡ್ಡ ಅನ್ಯಾಯ ಅಡಗಿರುತ್ತದೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಈಗ ಜಿನಧರ್ಮದ ಕಡೆಗೆ ಹಿಂದಿರುಗಬಹುದು. ಇಲ್ಲಿ ಹತ್ತರ ನಿಯಮವಿಲ್ಲ. ಜೀವನು ಒಬ್ಬನೇ ಹುಟ್ಟುತ್ತಾನೆ, ಒಬ್ಬನೇ ಸಾಯುತ್ತಾನೆ, ತನ್ನ ಕರ್ಮವನ್ನು ಒಬ್ಬನೇ ಅನುಭವಿಸುತ್ತಾನೆ. ಏಕತ್ವಾನುಪ್ರೇಕ್ಷೆಯ ಸಾರ ಇದು. ಜಾವಳಿಯ ಒಂಟಿ ಮನೆಯಲ್ಲಿ ಮಳೆಗಾಲದ ರಾತ್ರಿ ಒಬ್ಬನೇ ಕುಳಿತು ಪಂಚನಮಸ್ಕಾರ ಜಪಿಸುವವನ ಸಾಮಾಯಿಕಕ್ಕೆ ಯಾವ ಕೊರತೆಯೂ ಇಲ್ಲ. ಹಾಗಾದರೆ ಸಮಾಜವೇಕೆ, ಸಾಮೂಹಿಕ ಪೂಜೆಯೇಕೆ ಎಂದು ಕೇಳಬಹುದು. ಉತ್ತರವು ತೀರ್ಥವೆಂಬ ಮಾತಿನಲ್ಲಿಯೇ ಇದೆ. ತೀರ್ಥಂಕರರು ಸ್ಥಾಪಿಸಿದ ತೀರ್ಥವೆಂದರೆ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ಚತುರ್ವಿಧ ಸಂಘ. ಅಲ್ಲಿ ಶ್ರಾವಿಕೆಯು ಶ್ರಾವಕನ ಬಾಲಂಗೋಚಿಯಲ್ಲ. ನಾಲ್ಕು ಕಾಲುಗಳಲ್ಲಿ ಒಂದು. ಯಹೂದಿಗಳು 1973ರಲ್ಲಿ ಸಮಿತಿ ಕೂಡಿಸಿ ನಿರ್ಣಯಿಸಬೇಕಾದ ಎಣಿಕೆಯನ್ನು ಮಹಾವೀರ ಸ್ವಾಮಿಯು ಸಂಘದ ರಚನೆಯಲ್ಲಿಯೇ ಮಾಡಿಟ್ಟಿದ್ದಾನೆ. ಎಣಿಕೆ ಇದ್ದೂ ಅದನ್ನು ನಡೆಸದಿರುವುದು ಅನುಯಾಯಿಗಳ ಲೋಪ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಧಾರ್ಮಿಕರನ್ನು ಬಿಟ್ಟು ಧರ್ಮವೆಂಬುದು ಬೇರೆ ಇಲ್ಲವೆಂದೂ, ಮದದಿಂದ ಸಹಧರ್ಮಿಯನ್ನು ಕಡೆಗಣಿಸಿದವನು ತನ್ನ ಧರ್ಮವನ್ನೇ ಕಡೆಗಣಿಸಿದಂತೆಂದೂ ಹೇಳಿದ್ದಾರೆ. ಅದೇ ಗ್ರಂಥದಲ್ಲಿ ಇನ್ನೊಂದು ಅರ್ಥಪೂರ್ಣವಾದ ವ್ಯವಸ್ಥೆಯಿದೆ. ಅವರು ದೇವಪೂಜೆಯನ್ನು ‘ವೈಯಾವೃತ್ಯ’ ಎಂಬ ಶಿಕ್ಷಾವ್ರತದೊಳಗೆ ಸೇರಿಸುತ್ತಾರೆ. ವೈಯಾವೃತ್ಯವೆಂದರೆ ಸೇವೆ; ದಣಿದ ಮುನಿಯ ಕಾಲೊತ್ತುವುದು, ರೋಗಿಗೆ ಉಪಚಾರ ಮಾಡುವುದು. ಜಿನಾಭಿಷೇಕವೂ ರೋಗಿಯ ಉಪಚಾರವೂ ಒಂದೇ ವ್ರತದ ಎರಡು ಕವಲುಗಳೆಂಬ ಈ ಮಾತನ್ನು ಆಲೋಚಿಸಬೇಕು. ತತ್ತ್ವಾರ್ಥಸೂತ್ರವು ವೈಯಾವೃತ್ಯವನ್ನು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಿ, ಅದಕ್ಕೆ ಪಾತ್ರರಾದವರನ್ನು ಆಚಾರ್ಯರಿಂದ ಹಿಡಿದು ಗ್ಲಾನರವರೆಗೆ, ಅಂದರೆ ರೋಗಿಗಳವರೆಗೆ, ಹತ್ತು ಬಗೆಯಾಗಿ ಹೇಳುತ್ತದೆ. ಯಹೂದಿಗಳ ಹತ್ತು ಸೇರಿ ಪ್ರಾರ್ಥಿಸುವವರ ಎಣಿಕೆ; ಜೈನರ ಹತ್ತು ಸೇವೆಗೆ ಪಾತ್ರರಾದವರ ಎಣಿಕೆ.

ಪೂಜೆಗೆ ಯೋಗ್ಯರು ಯಾರೆಂಬ ಪ್ರಶ್ನೆಗೆ ಸಮಂತಭದ್ರರು ಸೂಚಿಸುವ ದೃಷ್ಟಾಂತ ಒಂದು ಕಪ್ಪೆಯದು. ರಾಜಗೃಹದಲ್ಲಿ ಮಹಾವೀರ ಸ್ವಾಮಿಯನ್ನು ಪೂಜಿಸಲು ಒಂದು ಹೂವನ್ನು ಹಿಡಿದು ಹೊರಟ ಕಪ್ಪೆಯು ದಾರಿಯಲ್ಲಿ ಆನೆಯ ಕಾಲಡಿ ಸಿಕ್ಕಿ ಸತ್ತು ದೇವನಾಗಿ ಹುಟ್ಟಿತೆಂಬುದು ಆ ಕಥೆ. ಅದಕ್ಕೆ ಮಂತ್ರ ಬರುತ್ತಿರಲಿಲ್ಲ. ಅದು ಬಿಂಬದ ಬಳಿಗೆ ಮುಟ್ಟಲೂ ಇಲ್ಲ. ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯವೂ ಇದನ್ನೇ ಹೇಳುತ್ತದೆ. ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಕೊಡಗಟ್ಟಲೆ ಹಾಲು ಬಾಹುಬಲಿಯ ಪಾದಕ್ಕೆ ಇಳಿಯಲಿಲ್ಲ. ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಇಳಿಯಿತು. ಅವನದು ಕಾರಿತ ಮಹಾಕಾರ್ಯ. ಅವಳದು ಕೃತ ಅಲ್ಪಸೇವೆ. ಅವಳ ಪ್ರತಿಮೆ ಇಂದಿಗೂ ಬಾಹುಬಲಿಯ ಎದುರಿಗೆ ನಿಂತಿದೆ. ಅರ್ಥ ಮಾತ್ರ ಮರೆತುಹೋಗುತ್ತಿದೆ.

ಗೃಹಸ್ಥರೇ ಕೂಡಿ ಧರ್ಮಚಿಂತನೆ ನಡೆಸಿದ ಪರಂಪರೆಯೂ ಜೈನರಲ್ಲಿ ಇಲ್ಲದಿಲ್ಲ. ಕಾರ್ಕಳದ ಚತುರ್ಮುಖ ಬಸದಿ ನಿರ್ಮಾಣವಾದ 1586ರಲ್ಲಿಯೇ ಉತ್ತರದ ಜೌನಪುರದಲ್ಲಿ ಹುಟ್ಟಿದ ಬನಾರಸೀದಾಸರು ವೃತ್ತಿಯಿಂದ ವ್ಯಾಪಾರಿ. ವ್ಯಾಪಾರದಲ್ಲಿ ಬಹಳ ಸಲ ನಷ್ಟ ಕಂಡು, ಅದನ್ನು ಮುಚ್ಚಿಡದೆ 1641ರ ‘ಅರ್ಧಕಥಾನಕ’ದಲ್ಲಿ ಬರೆದಿಟ್ಟವರು. ಆಗ್ರಾ ನಗರದಲ್ಲಿ ಅವರಂತಹ ಗೃಹಸ್ಥರು ಕೂಡಿ ಸಮಯಸಾರಾದಿ ಗ್ರಂಥಗಳನ್ನು ಓದುತ್ತಿದ್ದ ಗೋಷ್ಠಿಯ ಪ್ರಭಾವದಿಂದ ಉತ್ತರದ ದಿಗಂಬರರಲ್ಲಿ ಶ್ರಾವಕರೇ ಪೂಜೆ ನಡೆಸುವ ಪದ್ಧತಿ ಬಲಗೊಂಡಿತು. ಅಲ್ಲಿನ ಮಂದಿರಗಳಲ್ಲಿ ಬೆಳಗ್ಗೆ ಅಂಗಡಿ ತೆರೆಯುವ ಮುನ್ನ ವರ್ತಕನೇ ಧೋತ್ರವುಟ್ಟು ಪ್ರಕ್ಷಾಲ ಮಾಡುವುದನ್ನು ಇಂದಿಗೂ ಕಾಣಬಹುದು.

ಈ ವಿಚಾರಕ್ಕೆ ಬರುವ ಆಕ್ಷೇಪಣೆಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಮೊದಲನೆಯದು, ಇಂದ್ರರ ಜೀವನೋಪಾಯದ ಪ್ರಶ್ನೆ. ಶ್ರಾವಕರೇ ಪೂಜೆ ಮಾಡತೊಡಗಿದರೆ ತಲೆಮಾರುಗಳಿಂದ ಸೇವೆ ಸಲ್ಲಿಸಿದ ಮನೆತನದ ಅನ್ನ ಕಿತ್ತುಕೊಂಡಂತಾಗದೇ? ಖಂಡಿತ ಆಗಬಾರದು. ಒಬ್ಬರ ಹೊಟ್ಟೆಯ ಮೇಲೆ ಹೊಡೆದು ಕಟ್ಟಿದ ಸಮಾನತೆ ಹಿಂಸೆಯೇ ಸರಿ. ಆದರೆ ರಬ್ಬಿಯು ಪುರೋಹಿತನಾಗದೆ ಗುರುವಾಗಿ ಹೆಚ್ಚಿನ ಗೌರವ ಪಡೆದಂತೆ, ಇಂದ್ರರೂ ಪೂಜೆಯ ಗುತ್ತಿಗೆಯ ಬದಲು ಪೂಜೆಯ ಶಿಕ್ಷಣವನ್ನು ವಹಿಸಿಕೊಂಡರೆ ಅವರ ಸ್ಥಾನ ಏರುತ್ತದೆ, ಇಳಿಯುವುದಿಲ್ಲ. ಕಲಿಸುವ ಕೆಲಸಕ್ಕೆ ಅರ್ಹವಾದ ವೇತನವನ್ನು ವಿಶ್ವಸ್ತ ಮಂಡಳಿಗಳು ಕೊಡಬೇಕು. ಅಲ್ಪ ಸಂಭಾವನೆ ಕೊಟ್ಟು, ಅದಕ್ಕೆ ಭಕ್ತಿಯೆಂಬ ಹೆಸರಿಟ್ಟು ಇನ್ನೊಬ್ಬರನ್ನು ದುಡಿಸುವುದು ಅಚೌರ್ಯವ್ರತಕ್ಕೆ ಕಲಂಕ.

ಎರಡನೆಯದು, ಮಂತ್ರಲೋಪ, ಕ್ರಿಯಾಲೋಪಗಳ ಭಯ. ಬಾರದವನು ಮಾಡಿ ಕೆಡಿಸುವುದಕ್ಕಿಂತ ಬಲ್ಲವನು ಮಾಡುವುದು ಲೇಸೆಂಬ ಮಾತು ನಿಜ. ಆದರೆ ಬಾರದಿರುವುದು ಶಾಶ್ವತವಾದ ಸ್ಥಿತಿಯಲ್ಲ. ಬ್ಯಾಂಕಿನ ಅರ್ಜಿಯನ್ನೂ ಆದಾಯ ತೆರಿಗೆಯ ಲೆಕ್ಕವನ್ನೂ ಕಲಿತವನಿಗೆ ಅಷ್ಟದ್ರವ್ಯದ ಕ್ರಮ ಕಲಿಯಲು ಎಷ್ಟು ದಿನ ಬೇಕು? ಜಲ, ಗಂಧ, ಅಕ್ಷತೆಯಿಂದ ಫಲದವರೆಗೆ ಎಂಟೇ ಹೆಸರು. ತಪ್ಪಿದವರನ್ನು ನಗದೆ ತಿದ್ದುವ ಹಿರಿಯರಿದ್ದರೆ ಹುಡುಗರು ಕಲಿಯುತ್ತಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳು ಇರುವುದು ಇದಕ್ಕಾಗಿಯೇ.

ಮೂರನೆಯದು ಅತ್ಯಂತ ಗಂಭೀರವಾದುದು. ಸ್ವಯಂಸೇವೆಯೆಂದರೆ ಬಿಡುವಿದ್ದವರ, ಉಳ್ಳವರ ಒಡೆತನವಾಗಿಬಿಡಬಹುದು. ಇತರರ ತೋಟದಲ್ಲಿ ರೈಟರ ಕೆಲಸ ಮಾಡುವ ಬಡ ಶ್ರಾವಕನಿಗೆ ಹಣ್ಣು ಕೊಯ್ಯುವ ಕಾಲದಲ್ಲಿ ರಜೆ ಸಿಗದು. ಅಡುಗೆ, ಮಕ್ಕಳು, ವೃದ್ಧರ ಆರೈಕೆಗಳಲ್ಲಿ ಮುಳುಗಿದ ಗೃಹಿಣಿಗೆ ಬೆಳಗಿನ ಹೊತ್ತು ಸಿಗದು. ಇನ್ನೊಂದು ಅಪಾಯವೆಂದರೆ, ಮಾಡುವವರು ನಾಲ್ಕು ಮಂದಿ, ಬಂದು ಹೋಗುವವರು ನಲವತ್ತು ಮಂದಿ ಎಂಬ ಸ್ಥಿತಿ. ಆ ನಾಲ್ವರು ದಣಿಯುತ್ತಾರೆ, ದಣಿವು ಮದವಾಗುತ್ತದೆ, ಕೊನೆಗೆ ಬಸದಿ ತಮ್ಮದೆನ್ನುತ್ತಾರೆ. ಇದಕ್ಕೆ ಮದ್ದು ಸರದಿ. ಮೆರೆಯುವ ಕೆಲಸಕ್ಕೂ ಸರದಿ, ಗುಡಿಸುವ ಕೆಲಸಕ್ಕೂ ಸರದಿ. ಬಡವನಿಗೂ ಗೃಹಿ಺ಣಿಗೂ ಅನುಕೂಲವಾದ ಹೊತ್ತನ್ನು ನೋಡಿ ಪೂಜೆಯ ಸಮಯವನ್ನು ಇಟ್ಟುಕೊಳ್ಳಬೇಕು. ಅಭಿಷೇಕದ ಕಲಶ ಹಿಡಿದವನ ಕೈಯಲ್ಲಿ ಮುಂದಿನ ವಾರ ಪೊರಕೆ ಇರುವುದಾದರೆ ಮಾತ್ರ ಅದು ಸಮಾನತೆ. ಗೌರವವನ್ನು ಹಂಚುವುದು ಸುಲಭ. ಹೊರೆಯನ್ನು ಹಂಚುವುದರಲ್ಲಿ ಸಮಾಜದ ಪರೀಕ್ಷೆಯಿದೆ.

ಇಲ್ಲಿ ಸವಾಲಿನ ವಿಷಯವನ್ನೂ ಹೇಳಬೇಕಾಗುತ್ತದೆ. ಪ್ರಥಮ ಕಲಶ, ಆರತಿ, ಪಲ್ಲಕ್ಕಿಗಳನ್ನು ಹೆಚ್ಚು ದ್ರವ್ಯ ಕೊಡುವವರಿಗೆ ಸಲ್ಲಿಸುವ ಪದ್ಧತಿ ಅನೇಕ ಕಡೆ ಇದೆ. ಯಹೂದಿಗಳಲ್ಲಿಯೂ ಎಷ್ಟೋ ಕಡೆ ಗ್ರಂಥಪೀಠಕ್ಕೆ ಕರೆಯಿಸಿಕೊಳ್ಳುವ ಗೌರವವು ಹರಾಜಾಗುತ್ತಿತ್ತು. ಸವಾಲಿನಿಂದ ಬಂದ ಹಣದಿಂದ ಜೀರ್ಣೋದ್ಧಾರವೂ ಲೋಕೋಪಕಾರವೂ ನಡೆದಿರುವುದರಿಂದ ಅದನ್ನು ಒಮ್ಮೆಗೇ ಜರಿಯುವುದು ತರವಲ್ಲ. ಆದರೆ ವರ್ಷದ ಎಲ್ಲ ಗೌರವಗಳೂ ಸವಾಲಿಗೇ ಹೋದರೆ, ಎಂದಿಗೂ ಸವಾಲು ಕೂಗಲಾರದ ಮನೆಯ ಮಗು ಏನು ಕಲಿಯುತ್ತದೆ? ಪ್ರಭುವಿನ ಬಳಿಗೂ ದುಡ್ಡಿನ ಸಾಲಿನಲ್ಲಿಯೇ ಹೋಗಬೇಕೆಂದು ಕಲಿಯುತ್ತದೆ. ಅಪರಿಗ್ರಹವನ್ನು ಬೋಧಿಸಿದ ದಿಗಂಬರ ಮೂರ್ತಿಯ ಎದುರಿನಲ್ಲಿ ಈ ಪಾಠ ನಡೆಯಬಾರದು. ಕೆಲವು ಸೇವೆಗಳನ್ನಾದರೂ ಚೀಟಿ ಎತ್ತಿ ನಿರ್ಣಯಿಸುವುದು ಒಳ್ಳೆಯದು.

ಬಸದಿಗಳ ಆಡಳಿತ ಮಂಡಳಿಗಳು ಕೆಲವು ಸಣ್ಣ ಕ್ರಮಗಳನ್ನು ಕೈಗೊಳ್ಳಬಹುದು. ತಿಂಗಳಿಗೊಂದು ದಿನ ಇಂದ್ರರು ಪಕ್ಕದಲ್ಲಿ ಕುಳಿತು ಹೇಳಿಕೊಡಲಿ. ಶ್ರಾವಕ ಶ್ರಾವಿಕೆಯರು ಸರದಿಯಂತೆ ಪೂಜೆ ನಡೆಸಲಿ. ಅಭಿಷೇಕದಲ್ಲಿ ಸ್ತ್ರೀಯರ ಅಧಿಕಾರದ ಬಗ್ಗೆ ಆಮ್ನಾಯಭೇದವಿರುವ ಕಡೆ, ಶಾಂತವಾಗಿ ಚರ್ಚಿಸಿ, ಅಷ್ಟದ್ರವ್ಯ ಸಮರ್ಪಣೆ, ಶಾಸ್ತ್ರವಾಚನ, ಆಡಳಿತಗಳಲ್ಲಾದರೂ ಅವರಿಗೆ ಸಮಪಾಲು ಸಿಗಲಿ. ಹತ್ತು ವರ್ಷ ತುಂಬಿದ ಪ್ರತಿ ಮಗುವೂ ನಿತ್ಯಪೂಜೆಯ ಕ್ರಮವನ್ನು ಒಮ್ಮೆ ಒಪ್ಪಿಸಲಿ. ಜಮಾಖರ್ಚಿನ ಪುಸ್ತಕದ ಜೊತೆಗೆ ಸೇವೆಯ ಪುಸ್ತಕವೊಂದಿರಲಿ. ಯಾವ ರೋಗಿಯನ್ನು ಯಾರು ನೋಡಿಬಂದರು, ಸಾವಿನ ಮನೆಗೆ ಯಾರು ಅಡುಗೆ ಒಯ್ದರು ಎಂಬುದು, ಹೆಸರು ಮೆರೆಸುವುದಕ್ಕಲ್ಲದೆ, ಯಾವ ಮನೆ ಬಿಟ್ಟುಹೋಯಿತೆಂದು ತಿಳಿಯುವುದಕ್ಕಾಗಿ ಬರೆದಿರಲಿ. ಆಯವ್ಯಯ ಪಟ್ಟಿಯಲ್ಲಿ ಬಸದಿಯ ಆಸ್ತಿಯೆಂದು ಭೂಮಿ, ಬೆಳ್ಳಿ, ಠೇವಣಿಗಳನ್ನು ತೋರಿಸುತ್ತಾರೆ. ಪೂಜೆ ಮಾಡಬಲ್ಲ ಕೈಗಳೆಷ್ಟು ಎಂಬ ಅಂಕಣ ಅಲ್ಲಿಲ್ಲ. ಆ ಸಂಖ್ಯೆ ಸೊನ್ನೆಯಾದ ದಿನ ಉಳಿದ ಆಸ್ತಿಯೆಲ್ಲ ಪುರಾತತ್ವ ಇಲಾಖೆಯ ಪಾಲು.

ಕೃತವೋ ಕಾರಿತವೋ ಎಂಬ ಪ್ರಶ್ನೆಗೆ ಉತ್ತರ ಹೀಗೆ ಹೇಳಬಹುದು. ದಾನದಿಂದ ಮಾಡಿಸಿದ ಧರ್ಮ ನಿರರ್ಥಕವಲ್ಲ. ಆದರೆ ಅದು ಯಾರೋ ಒಬ್ಬರು ಮಾಡುವವರಿದ್ದಾರೆಂಬ ನಂಬಿಕೆಯ ಮೇಲೆ ನಿಂತಿದೆ. ಎಲ್ಲರೂ ಮಾಡಿಸುವವರೇ ಆದರೆ ಮಾಡುವವರು ಇರುವುದಿಲ್ಲ. ಸಾಯುವ ಹೊತ್ತಿಗೆ ಕಿವಿಯಲ್ಲಿ ಪಂಚನಮಸ್ಕಾರ ಹೇಳಲು ಬಲ್ಲ ಒಬ್ಬ ನೆರೆಯವನು ಬೇಕಾಗುತ್ತಾನೆ. ಅವನನ್ನು ಆ ಗಳಿಗೆಯಲ್ಲಿ ಎಲ್ಲಿಂದಲೂ ಕರೆಸಲಾಗದು. ಇಂದು ಯಾರಿಗಾಗಿಯೋ ಮಳೆಯಲ್ಲಿ ನಡೆದು ಹೋದವನಿಗೆ ಮಾತ್ರ ನಾಳೆ ಯಾರೋ ಮಳೆಯಲ್ಲಿ ನಡೆದು ಬಂದಾರೆಂಬ ಭರವಸೆ ಇರಲು ಸಾಧ್ಯ.